ಗುರು ಈಗ ಎಲ್ಲಿದ್ದಾನೆ: ಲೈಬ್ರರಿಯನ್ನು ಕೇಳುವ ಮುಂಚೆ

ಏಪ್ರಿಲ್ 24ರ ಒಂದು ಮಧ್ಯಾಹ್ನದಿಂದ ಶುರು ಮಾಡುತ್ತೇನೆ. ಬೆಂಗಳೂರಿಗೆ ಅದು ಶೂನ್ಯ ನೆರಳಿನ ದಿನ. ಸೂರ್ಯನ ಕ್ರಾಂತಿ, ಅಂದರೆ ಆಕಾಶದ ಸಮಭಾಜಕದಿಂದ ಅವನು ಎಷ್ಟು ಡಿಗ್ರಿ ಆಚೆ ಇದ್ದಾನೆ ಅನ್ನುವುದು, ಮತ್ತು ನಮ್ಮ ಊರಿನ ಅಕ್ಷಾಂಶ ಅವತ್ತು ಹೆಚ್ಚುಕಡಿಮೆ ಒಂದೇ, 13 ಡಿಗ್ರಿ. ಆದ್ದರಿಂದ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಹೀಗಾಗುತ್ತದೆ. 2024ರಲ್ಲಿ ನಾವು ಏಳೆಂಟು ಜನ ತಾರಸಿ ಮೇಲೆ ಒಂದಡಿ ಉದ್ದದ ಪಿವಿಸಿ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೂತಿದ್ದೆವು. ಹನ್ನೆರಡು ಗಂಟೆಗೆ ಪಡುವಣಕ್ಕೆ ಒಂದಿಂಚಿನಷ್ಟು ನೆರಳು. ಹನ್ನೆರಡೂ ಕಾಲಿಗೆ ಅದು ದಾರದಷ್ಟಾಯಿತು. ಇನ್ನೆರಡು ಮೂರು ನಿಮಿಷಕ್ಕೆ ಅದೂ ಇಲ್ಲ, ಪೈಪು ತನ್ನ ನೆರಳನ್ನು ತಾನೇ ನುಂಗಿಕೊಂಡ ಹಾಗೆ. ನೆರಳಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಹುಡುಗಿಯೊಬ್ಬಳು ಸೂರ್ಯನ ಉನ್ನತಿ, ಅಂದರೆ ದಿಗಂತದಿಂದ ಮೇಲಿನ ಕೋನ, ಎಷ್ಟು ಅಂತ ಲೆಕ್ಕ ಹಾಕಿಸುತ್ತಿದ್ದಳು. "ಸರ್, ಇದು 10 ಡಿಗ್ರಿ ಅಂತಿದೆ" ಅಂದಳು.

ನೆತ್ತಿ ಸುಡುತ್ತಿದೆ. 90 ಅನ್ನಬೇಕಾದ ಕಡೆ ಕಂಪ್ಯೂಟರ್ 10 ಅನ್ನುತ್ತಿದೆ. ಪ್ರೋಗ್ರಾಮಿನಲ್ಲಿ ದೋಷದ ಸೂಚನೆ ಇಲ್ಲ, ಕೆಂಪು ಅಕ್ಷರ ಇಲ್ಲ. ಅವಳು ಕೊಟ್ಟಿದ್ದು 2024, 4, 24, 12, 17. ಬರೆದದ್ದು ಯುಟಿಸಿ ಅನ್ನುವ ಫಂಕ್ಷನ್‌ಗೆ. ಅವಳು ಬಳಸುತ್ತಿದ್ದ ಲೈಬ್ರರಿ, ಅಂದರೆ ಲೆಕ್ಕಕ್ಕೆ ಸಿದ್ಧವಾಗಿ ಸಿಗುವ ಪ್ರೋಗ್ರಾಮುಗಳ ಕಟ್ಟು, ಅದನ್ನು ಗ್ರೀನ್‌ವಿಚ್ ಕಡೆಯ 12 ಗಂಟೆ 17 ನಿಮಿಷ ಅಂತ ತೆಗೆದುಕೊಂಡಿತು. ನಮಗೆ ಅದು ಸಂಜೆ 5 ಗಂಟೆ 47 ನಿಮಿಷ. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ನಿಜಕ್ಕೂ ದಿಗಂತದಿಂದ 10 ಡಿಗ್ರಿ ಮೇಲಿರುತ್ತಾನೆ. ಅಂದರೆ ಉತ್ತರ ಸರಿಯಾಗಿತ್ತು, ಅವಳು ಕೇಳಬೇಕಾಗಿದ್ದ ಪ್ರಶ್ನೆ ಮಾತ್ರ ಬೇರೆಯಾಗಿತ್ತು. ಇವತ್ತು ನಿಮಗೆ ಹೇಳಬೇಕಾಗಿರುವುದು ಇದೊಂದೇ. ಗ್ರಹದ ಸ್ಥಾನ ಅನ್ನುವುದು ಎಲ್ಲೋ ಸಿದ್ಧವಾಗಿ ಕೂತಿರುವ ಸಂಖ್ಯೆಯಲ್ಲ. ಯಾವ ಗಡಿಯಾರದಲ್ಲಿ, ಎಲ್ಲಿ ನಿಂತು, ಯಾವ ರೇಖೆಯಿಂದ ಅಳೆದು, ಬೆಳಕು ಹೊರಟಾಗಲೋ ಬಂದು ಮುಟ್ಟಿದಾಗಲೋ ಅನ್ನುವುದೆಲ್ಲ ಸೇರಿದ ಮೇಲೆ ಹುಟ್ಟುವ ಉತ್ತರ ಅದು.

ನಿಮ್ಮಲ್ಲಿ ಅರ್ಧ ಜನ ಕೋಡ್ ಬರೆಯುವವರು, ಇನ್ನರ್ಧ ಜನ ದೂರದರ್ಶಕ ಹಿಡಿಯುವವರು. ಎರಡೂ ಕಡೆಯವರಿಗೆ ಅನುಕೂಲವಾಗಲಿ ಅಂತ ನಾನು ಇಟ್ಟುಕೊಂಡಿರುವುದು ಸ್ಕೈಫೀಲ್ಡ್. ಬ್ರ್ಯಾಂಡನ್ ರೋಡ್ಸ್ ಬರೆದ ಪೈಥಾನ್ ಲೈಬ್ರರಿ, ಪಿಪ್ ಇನ್‌ಸ್ಟಾಲ್ ಮಾಡಿದರೆ ಅರ್ಧ ನಿಮಿಷದಲ್ಲಿ ಬಂದು ಕೂರುತ್ತದೆ. ಆದರೆ ಅದಕ್ಕೆ ಗ್ರಹಗಳ ವಿಷಯ ತಾನಾಗಿ ಗೊತ್ತಿರುವುದಿಲ್ಲ. ಮೊದಲ ಸಲ ಓಡಿಸಿದಾಗ 'ಡಿಇ421 ಡಾಟ್ ಬಿಎಸ್‌ಪಿ' ಅನ್ನುವ ಫೈಲ್ ಇಳಿಸಿಕೊಳ್ಳುತ್ತದಲ್ಲ, ಜ್ಞಾನವೆಲ್ಲ ಇರುವುದು ಅದರಲ್ಲಿ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ, ಅಂದರೆ ಜೆಪಿಎಲ್, ಮಾಡಿರುವ ಗ್ರಹಸ್ಫುಟದ, ಅಂದರೆ ಗ್ರಹಗಳ ಸ್ಥಾನದ, ಕಡತ ಅದು. ಡಿಇ ಅಂದರೆ ಡೆವಲಪ್‌ಮೆಂಟ್ ಎಫೆಮೆರಿಸ್. ಅಪೋಲೋ ಯಾತ್ರಿಗಳು ಚಂದ್ರನ ಮೇಲೆ ಬಿಟ್ಟು ಬಂದ ಪ್ರತಿಫಲಕಗಳಿಗೆ ಲೇಸರ್ ಹೊಡೆದು ಅಳೆದ ದೂರಗಳು, ಮಂಗಳನ ಸುತ್ತ ಇರುವ ನೌಕೆಗಳ ರೇಡಿಯೊ ಸಂಕೇತಗಳು, ದೂರದರ್ಶಕದ ವೀಕ್ಷಣೆಗಳು, ಇವೆಲ್ಲಕ್ಕೂ ಹೊಂದುವ ಹಾಗೆ ಇಡೀ ಸೌರಮಂಡಲದ ಚಲನೆಯನ್ನು ಲೆಕ್ಕ ಹಾಕಿ ಇಟ್ಟಿದ್ದಾರೆ.

ಆ ಫೈಲಿನ ಒಳಗೆ ದಿನಕ್ಕೊಂದು ಸಾಲಿನ ಪಟ್ಟಿ ಇರುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಕಾಲವನ್ನು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡಿಗೂ ಒಂದೊಂದು ಬಹುಪದೋಕ್ತಿಯ ಗುಣಾಂಕಗಳನ್ನು ಇಟ್ಟಿರುತ್ತಾರೆ. ಚೆಬಿಶೇವ್ ಬಹುಪದೋಕ್ತಿ ಅಂತ ಅದರ ಹೆಸರು. ಗುರು ನಿಧಾನಿ, ಅವನಿಗೆ 32 ದಿನಕ್ಕೊಂದು ತುಂಡು ಸಾಕು. ಬುಧನಿಗೆ 8 ದಿನ. ಚಂದ್ರನ ಓಟ ಅಂಕುಡೊಂಕು, ಅವನಿಗೆ 4 ದಿನಕ್ಕೊಂದು ಬೇಕು. ನೀವು ಒಂದು ಕ್ಷಣ ಕೊಟ್ಟರೆ ಲೈಬ್ರರಿ ಆ ಕ್ಷಣ ಬೀಳುವ ತುಂಡನ್ನು ಹುಡುಕಿ, ಬಹುಪದೋಕ್ತಿಯಲ್ಲಿ ಬೆಲೆ ಹಾಕಿ, ಎಕ್ಸ್, ವೈ, ಝಡ್ ಕೊಡುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಯಾಕೆಂದರೆ ಇದು ನನಗೆ ತುಂಬ ಇಷ್ಟವಾದ ಸಂಗತಿ. ಮೊದಲೇ ಲೆಕ್ಕ ಮಾಡಿಟ್ಟು, ಬೇಕಾದಾಗ ತೆಗೆದು ನಡುವಿನದ್ದನ್ನು ತುಂಬಿಕೊಳ್ಳುವ ಈ ಉಪಾಯ ನಮ್ಮ ದಕ್ಷಿಣದ ವಾಕ್ಯ ಪದ್ಧತಿಯಲ್ಲೂ ಇದೆ. ಚಂದ್ರ ತನ್ನ ಮಂದೋಚ್ಚದಿಂದ, ಅಂದರೆ ಭೂಮಿಯಿಂದ ಅತಿ ದೂರದ ಬಿಂದುವಿನಿಂದ, ಹೊರಟು ಮತ್ತೆ ಮಂದೋಚ್ಚಕ್ಕೆ ಬರುವ ಸುತ್ತನ್ನು ಒಂಬತ್ತು ಸಲ ಮುಗಿಸಲು 248 ದಿನ ಬೇಕು. ದಿನಕ್ಕೊಂದರಂತೆ 248 ಚಂದ್ರವಾಕ್ಯಗಳು, ವರರುಚಿಯ ಹೆಸರಿನಲ್ಲಿ ಬಂದಿವೆ. ಮೊದಲನೆಯದು 'ಗೀರ್ನಃ ಶ್ರೇಯಃ'. ಅಕ್ಷರಗಳಲ್ಲಿ ಅಂಕಿ ಬರೆಯುವ ಕಟಪಯಾದಿಯಲ್ಲಿ ಗ ಅಂದರೆ 3, ನ ಅಂದರೆ 0, ರ ಅಂದರೆ 2, ಯ ಅಂದರೆ 1. ಹಿಂದಿನಿಂದ ಓದಿ: 1203. ಮೊದಲ ದಿನ ಚಂದ್ರ ನಡೆದ ದೂರ 12 ಡಿಗ್ರಿ 3 ಕಲೆ (ಕಲೆ ಅಂದರೆ ಡಿಗ್ರಿಯ 60ನೇ ಒಂದು ಭಾಗ, ಇಂಗ್ಲಿಷಿನ ಆರ್ಕ್‌ಮಿನಿಟ್). ಬಾಯಿಪಾಠ ಮಾಡಿದವರ ತಲೆಯೇ ಆಗ ಬಿಎಸ್‌ಪಿ ಫೈಲ್. ನಿಖರತೆಯಲ್ಲಿ ಎರಡನ್ನೂ ಸರಿಗಟ್ಟಲು ಬರುವುದಿಲ್ಲ, ಆದರೆ ಎರಡೂ ಕಡೆ ಕೆಲಸ ನಡೆಯುವ ರೀತಿ ಒಂದೇ.

ಸರಿ, ಗುರುವಿನ ಹತ್ತಿರ ಬರೋಣ. ತೆರೆ ಮೇಲೆ ಇರುವುದು ನಾಲ್ಕು ಸಾಲು. ಕಾಲದ ಲೆಕ್ಕ ನೋಡಿಕೊಳ್ಳುವ ಟೈಮ್‌ಸ್ಕೇಲ್ ತೆರೆಯುವುದು, ಫೈಲ್ ತೆರೆಯುವುದು, ಅದರಿಂದ ಭೂಮಿ ಮತ್ತು ಗುರುವನ್ನು ಎತ್ತಿಕೊಳ್ಳುವುದು, ಆಮೇಲೆ 'ಅರ್ಥ್ ಡಾಟ್ ಆಟ್ ಟಿ, ಡಾಟ್ ಅಬ್ಸರ್ವ್ ಜೂಪಿಟರ್'. ಮೂರನೇ ಸಾಲಿನಲ್ಲೇ ಹೆಚ್ಚಿನವರು ಮುಗ್ಗರಿಸುತ್ತಾರೆ. ಬರೀ 'ಜೂಪಿಟರ್' ಅಂತ ಕೇಳಿದರೆ ಈ ಫೈಲಿನಲ್ಲಿ ಇಲ್ಲ ಅನ್ನುತ್ತದೆ. 'ಜೂಪಿಟರ್ ಬ್ಯಾರಿಸೆಂಟರ್' ಅಂತ ಕೇಳಬೇಕು. ಫೈಲಿನಲ್ಲಿರುವುದು ಗುರು ಮತ್ತು ಅವನ ಚಂದ್ರರೆಲ್ಲ ಸೇರಿದ ಬಳಗದ ದ್ರವ್ಯರಾಶಿ ಕೇಂದ್ರ. ಗುರುವಿನ ಮಟ್ಟಿಗೆ ಬಳಗವೂ ಅವನೂ ಬೇರೆಯಲ್ಲ ಅನ್ನುವಷ್ಟು ವ್ಯತ್ಯಾಸ ಸಣ್ಣದು, ಕಣ್ಣಿಗೆ ಹತ್ತುವುದಿಲ್ಲ. ಭೂಮಿಯ ಮಟ್ಟಿಗೆ ಹಾಗಲ್ಲ. ಭೂಮಿ ಮತ್ತು ಚಂದ್ರರ ಸಮಾನ ಕೇಂದ್ರ ಭೂಮಿಯ ನಡುವಿನಿಂದ ಸುಮಾರು 4,700 ಕಿಲೋಮೀಟರ್ ಆಚೆ ಇದೆ. ಫೈಲನ್ನು ಪ್ರಿಂಟ್ ಮಾಡಿ ನೋಡಿ, ಸೌರಮಂಡಲದ ಕೇಂದ್ರದಿಂದ ಭೂಮಿ-ಚಂದ್ರ ಕೇಂದ್ರಕ್ಕೆ ಒಂದು ಕೊಂಡಿ, ಅಲ್ಲಿಂದ ಭೂಮಿಗೆ ಇನ್ನೊಂದು ಕೊಂಡಿ, ಚಂದ್ರನಿಗೆ ಮತ್ತೊಂದು. ಸರಪಳಿ ಜೋಡಿಸುವ ಕೆಲಸವನ್ನು ಲೈಬ್ರರಿ ಸದ್ದಿಲ್ಲದೆ ಮಾಡುತ್ತದೆ. ಆದರೂ ಒಮ್ಮೆ ಅದನ್ನು ಕಣ್ಣಾರೆ ನೋಡಿರಿ.

ಈಗ 'ಅಬ್ಸರ್ವ್' ಅನ್ನುವ ಪದ. 'ಆಟ್' ಅಂದರೆ ಆ ಕ್ಷಣದಲ್ಲಿ ವಸ್ತು ಇರುವ ಜಾಗ. ಎರಡು ಜಾಗಗಳನ್ನು ಕಳೆದರೆ ದಿಕ್ಕು ಸಿಕ್ಕಿತಲ್ಲ, ಅಬ್ಸರ್ವ್ ಯಾಕೆ ಬೇಕು? ಗುರುವಿನ ಬೆಳಕು ನಮ್ಮನ್ನು ಮುಟ್ಟಲು ಸುಮಾರು 33ರಿಂದ 54 ನಿಮಿಷ ಬೇಕು, ಭೂಮಿ ಅವನ ಕಡೆಗೆ ಇದೆಯೋ ಆಚೆ ಇದೆಯೋ ಅನ್ನುವುದರ ಮೇಲೆ. ಅಷ್ಟರಲ್ಲಿ ಗುರು ಸೆಕೆಂಡಿಗೆ 13 ಕಿಲೋಮೀಟರ್‌ನಂತೆ ಸುಮಾರು 35 ಸಾವಿರ ಕಿಲೋಮೀಟರ್ ಮುಂದೆ ಹೋಗಿರುತ್ತಾನೆ. ನಾವು ನೋಡುವುದು ಮುಕ್ಕಾಲು ಗಂಟೆ ಹಳೆಯ ಗುರುವನ್ನು. ಅಬ್ಸರ್ವ್ ಮಾಡುವುದೇನೆಂದರೆ, ಬೆಳಕಿನ ಪ್ರಯಾಣದ ಸಮಯ ಅಂದಾಜಿಸಿ, ಅಷ್ಟು ಹಿಂದಕ್ಕೆ ಹೋಗಿ ಗುರುವನ್ನು ನೋಡಿ, ದೂರ ಬದಲಾಯಿತಲ್ಲ ಅಂತ ಮತ್ತೆ ಅಂದಾಜಿಸಿ, ಸಂಖ್ಯೆ ನಿಲ್ಲುವವರೆಗೂ ಇದನ್ನೇ ಮಾಡುತ್ತದೆ. ಬೆಳಕಿಗೆ ವೇಗದ ಮಿತಿ ಇದೆ ಅಂತ ನಮಗೆ ತಿಳಿದದ್ದೂ ಗುರುವಿನಿಂದಲೇ. 1676ರಲ್ಲಿ ಓಲೆ ರೋಮರ್, ಗುರುವಿನ ಚಂದ್ರ ಅಯೋ ನೆರಳಿಗೆ ಹೋಗಿ ಬರುವ ಹೊತ್ತು ಭೂಮಿ ದೂರ ಸರಿದಂತೆಲ್ಲ ತಡವಾಗುವುದನ್ನು ಕಂಡು ಹೇಳಿದ್ದು ಅದನ್ನೇ. ಆ ತಡವನ್ನು ಇವತ್ತು ನಾವು ಒಂದೇ ಪದ ಟೈಪ್ ಮಾಡಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೇವೆ.

ಅದರ ಮೇಲೆ 'ಅಪ್ಯಾರೆಂಟ್' ಅಂತ ಇನ್ನೊಂದು ಇದೆ. ಮಳೆಯಲ್ಲಿ ಓಡುವಾಗ ಕೊಡೆಯನ್ನು ಮುಂದಕ್ಕೆ ಬಾಗಿಸುತ್ತೇವಲ್ಲ, ಭೂಮಿ ಓಡುತ್ತಿರುವುದರಿಂದ ಬೆಳಕೂ ಹಾಗೇ ಸ್ವಲ್ಪ ಮುಂದಿನಿಂದ ಬಂದಂತೆ ಕಾಣುತ್ತದೆ. ಹೆಚ್ಚೆಂದರೆ 20.5 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಭಾಗ). ಸೂರ್ಯನ ಗುರುತ್ವ ಬೆಳಕನ್ನು ಬಗ್ಗಿಸುವುದನ್ನೂ ಅದು ಸೇರಿಸುತ್ತದೆ. ದೂರದರ್ಶಕ ತಿರುಗಿಸುವವರಿಗೆ ಇದು ಬೇಕು. ನಕ್ಷತ್ರ ಪಟದ ಮೇಲೆ ಗುರುತು ಹಾಕುವವರು ಇದಿಲ್ಲದೆ ನಿಲ್ಲಬಹುದು.

ಇನ್ನು ಯಾವ ರೇಖೆಯಿಂದ ಅಳೆಯುವುದು ಅನ್ನುವ ಪ್ರಶ್ನೆ. ಪಂಚಾಂಗ ನೋಡುವ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ರೈಟ್ ಅಸೆನ್ಷನ್, ಡೆಕ್ಲಿನೇಷನ್, ಅಂದರೆ ಆಕಾಶದ ರೇಖಾಂಶ, ಅಕ್ಷಾಂಶ ಕೇಳಿದಾಗ ಸ್ಕೈಫೀಲ್ಡ್ ಸುಮ್ಮನೆ ಕೊಡುವುದು 2000ನೇ ಇಸವಿಯ ಅಕ್ಷಗಳಲ್ಲಿ. ಆದರೆ ಅಳತೆ ಶುರುವಾಗುವ ವಿಷುವದ್ಬಿಂದು, ಅಂದರೆ ಸೂರ್ಯನ ಹಾದಿ ಆಕಾಶದ ಸಮಭಾಜಕವನ್ನು ದಾಟುವ ಜಾಗ, ವರ್ಷಕ್ಕೆ 50 ಆರ್ಕ್‌ಸೆಕೆಂಡಿನಷ್ಟು ಜರುಗುತ್ತಿದೆ. 25 ವರ್ಷಕ್ಕೆ 21 ಆರ್ಕ್‌ಮಿನಿಟ್, ಹುಣ್ಣಿಮೆ ಚಂದ್ರನ ಮೂರನೇ ಎರಡು ಭಾಗದಷ್ಟು. ಇವತ್ತಿನ ಅಕ್ಷಗಳು ಬೇಕಿದ್ದರೆ 'ಡೇಟ್' ಅಂತ ಹೇಳಿ ಕೇಳಬೇಕು. ಹೇಳದಿದ್ದರೆ ಕೊಡುವುದಿಲ್ಲ.

ಈಗ ತಿಥಿ. ಚಂದ್ರ ಸೂರ್ಯನಿಂದ ಕ್ರಾಂತಿವೃತ್ತದ, ಅಂದರೆ ಆಕಾಶದಲ್ಲಿ ಸೂರ್ಯನ ಹಾದಿಯ, ಮೇಲೆ ಎಷ್ಟು ಡಿಗ್ರಿ ಮುಂದಿದ್ದಾನೆ ಅಂತ ನೋಡಿ 12ರಿಂದ ಭಾಗಿಸಿದರೆ ತಿಥಿ. ಲೈಬ್ರರಿಯ ಅಲ್ಮನಾಕ್ ವಿಭಾಗದಲ್ಲಿ 'ಮೂನ್ ಫೇಸ್' ಅನ್ನುವುದು ಈ ಕೋನವನ್ನೇ ಕೊಡುತ್ತದೆ. 348 ದಾಟಿದರೆ ಅಮಾವಾಸ್ಯೆ ಶುರು, 360ಕ್ಕೆ ಮುಗಿಯಿತು. 2024ರ ದೀಪಾವಳಿಯಲ್ಲಿ ಎಷ್ಟು ಮನೆಗಳಲ್ಲಿ ಚರ್ಚೆ ಆಯಿತು ನೆನಪಿಸಿಕೊಳ್ಳಿ, ಅಮಾವಾಸ್ಯೆ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಅಂತ. ಇದನ್ನು ಓಡಿಸಿ ನೋಡಿ. 31ರ ಮಧ್ಯಾಹ್ನ ನಾಲ್ಕು ಗಂಟೆಗೆ ಕೆಲವೇ ನಿಮಿಷ ಇರುವಾಗ 348 ದಾಟುತ್ತದೆ. ಮಾರನೇ ದಿನ ಸಂಜೆ 6 ಗಂಟೆ 17 ನಿಮಿಷದ ಹೊತ್ತಿಗೆ 360. ಅಂದರೆ 26 ಗಂಟೆಗಿಂತ ಉದ್ದದ ತಿಥಿ. ಸರಾಸರಿ ತಿಥಿ 24 ಗಂಟೆಯೂ ಇರುವುದಿಲ್ಲ. ಆದರೆ ಚಂದ್ರ ಆಗಷ್ಟೇ ಭೂಮಿಯಿಂದ ಅತಿ ದೂರದ ಬಿಂದುವನ್ನು ದಾಟಿ, ನಿಧಾನ ನಡೆಯಲ್ಲಿದ್ದ. ಅದಕ್ಕೇ ಅಮಾವಾಸ್ಯೆ ಎರಡು ಸಂಜೆಗಳನ್ನು ತಾಗಿತು, ಅದಕ್ಕೇ ಚರ್ಚೆ. ಯಾವ ಸಂಜೆ ಪೂಜೆ ಅನ್ನುವುದು ಧರ್ಮಶಾಸ್ತ್ರದ ನಿರ್ಣಯ, ಲೈಬ್ರರಿ ಅದನ್ನು ಹೇಳಲಾರದು. ತಿಥಿ ಯಾವ ನಿಮಿಷಕ್ಕೆ ಮುಗಿಯಿತು ಅನ್ನುವುದನ್ನು ಮಾತ್ರ ನಿಮ್ಮ ಕೈಯಾರೆ ಕಂಡುಕೊಳ್ಳಬಹುದು.

ಇದೇ ಹುರುಪಿನಲ್ಲಿ ನಕ್ಷತ್ರ ಲೆಕ್ಕ ಹಾಕಲು ಹೋದರೆ ತಪ್ಪುತ್ತದೆ. ತಿಥಿ ಎರಡು ಸ್ಥಾನಗಳ ವ್ಯತ್ಯಾಸ, ಎಲ್ಲಿಂದ ಅಳೆದರೂ ಒಂದೇ ಬರುತ್ತದೆ. ನಕ್ಷತ್ರಕ್ಕೆ ಹಾಗಲ್ಲ, ಸೊನ್ನೆ ಎಲ್ಲಿದೆ ಅನ್ನುವುದು ಬೇಕು. ಲೈಬ್ರರಿಯ ಸೊನ್ನೆ ವಿಷುವದ್ಬಿಂದು. ನಕ್ಷತ್ರಗಳನ್ನೇ ಆಧಾರವಾಗಿಟ್ಟುಕೊಂಡ ನಮ್ಮ ನಿರಯನ ಪದ್ಧತಿಯ ಸೊನ್ನೆ ಅಲ್ಲಿಂದ 24 ಡಿಗ್ರಿಗಿಂತ ಸ್ವಲ್ಪ ಆಚೆ. ಇದೇ ಅಯನಾಂಶ. ಒಂದು ನಕ್ಷತ್ರಕ್ಕೆ 13 ಡಿಗ್ರಿ 20 ಕಲೆ, ಹಾಗಾಗಿ ಅಯನಾಂಶ ಕಳೆಯುವುದನ್ನು ಮರೆತರೆ ಹತ್ತಿರ ಹತ್ತಿರ ಎರಡು ನಕ್ಷತ್ರ ಮುಂದೆ ಹೋಗಿರುತ್ತೀರಿ, ರೋಹಿಣಿ ಇರುವ ದಿನ ಆರ್ದ್ರೆ ಬರುತ್ತದೆ. ಮೇಘನಾದ್ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಾಗ, ಸರ್ಕಾರಿ ಪಂಚಾಂಗಕ್ಕೆ ಚಿತ್ರಾ ನಕ್ಷತ್ರವನ್ನು ಆಧಾರವಾಗಿ ಇಟ್ಟುಕೊಂಡ ಅಯನಾಂಶ ನೆಲೆಯಾಯಿತು. ಅದನ್ನು ಕಳೆಯುವ ಸಾಲನ್ನು ನೀವೇ ಬರೆಯಬೇಕು.

ಎಲ್ಲಿ ನಿಂತು ನೋಡುತ್ತೀರಿ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ. ಕೊಡಗಿನ ಕುಟ್ಟದಲ್ಲಿ ನಿಂತವರು ಬಳೆ ಕಂಡರು. ಅದೇ ಬೆಳಿಗ್ಗೆ ಬೆಂಗಳೂರಿನವರು ಕಂಡದ್ದು ಕುಡುಗೋಲು. ಅದೇ ಚಂದ್ರ, ಅದೇ ಸೂರ್ಯ. ಚಂದ್ರ ಎಷ್ಟು ಹತ್ತಿರ ಇದ್ದಾನೆಂದರೆ ಭೂಮಿಯ ಕೇಂದ್ರದಿಂದ ನೋಡುವುದಕ್ಕೂ ಮೇಲ್ಮೈಯಿಂದ ನೋಡುವುದಕ್ಕೂ ಒಂದು ಡಿಗ್ರಿಯವರೆಗೆ ಅಂತರ ಬರುತ್ತದೆ. 'ಅರ್ಥ್ ಡಾಟ್ ಆಟ್' ಅಂದರೆ ನೀವು ಭೂಮಿಯ ನಟ್ಟನಡುವೆ ನಿಂತ ಹಾಗೆ. ಅರ್ಥ್ ಜೊತೆ ನಿಮ್ಮ ಊರಿನ ಅಕ್ಷಾಂಶ, ರೇಖಾಂಶ, ಎತ್ತರ ಕೂಡಿಸಿ. ಬೆಂಗಳೂರಿಗೆ 12.97 ಉತ್ತರ, 77.59 ಪೂರ್ವ. ಗ್ರಹಗಳಿಗೆ ಇದರಿಂದ ದೊಡ್ಡ ಬದಲಾವಣೆ ಇಲ್ಲ. ಚಂದ್ರನಿಗೆ ಇದೇ ಎಲ್ಲ.

ಗಡಿಯಾರದ ಬಗ್ಗೆ ಬೇಗ ಮುಗಿಸುತ್ತೇನೆ, ಅರ್ಧ ಮೊದಲೇ ಹೇಳಿಯಾಗಿದೆ. ಎಫೆಮೆರಿಸ್ ನಡೆಯುವುದು ಭೂಮಿಯ ತಿರುಗಾಟಕ್ಕೆ ಸಂಬಂಧವಿಲ್ಲದ ಏಕರೂಪದ ಕಾಲದಲ್ಲಿ. ಅದಕ್ಕೂ ಯುಟಿಸಿಗೂ 2017ರಿಂದ ಇರುವ ಅಂತರ 69.184 ಸೆಕೆಂಡ್. ಅಷ್ಟರಲ್ಲಿ ಭೂಮಿ 17 ಆರ್ಕ್‌ಮಿನಿಟ್ ತಿರುಗುತ್ತದೆ, ಅರ್ಧ ಚಂದ್ರನಷ್ಟು. ಟೈಮ್‌ಸ್ಕೇಲ್ ಇದನ್ನು ನೋಡಿಕೊಳ್ಳುತ್ತದೆ, ನೀವು ಸರಿಯಾದ ಬಾಗಿಲಿನಿಂದ ಒಳಗೆ ಬಂದರೆ. ಐಎಸ್‌ಟಿ ಕೊಡುವಾಗ ಐದೂವರೆ ಗಂಟೆ ಕಳೆಯಿರಿ, ಅಥವಾ ಕಾಲವಲಯ ಸಮೇತ ದಿನಾಂಕ ಕೊಡಿ. ತಾರಸಿಯ ಆ ಹುಡುಗಿ ಮಾಡಿದ್ದು ಎರಡನೆಯದು. 89.9 ಬಂತು, ಪೈಪಿನ ನೆರಳು ಮೂಡಣಕ್ಕೆ ಮೂಡುವ ಮೊದಲೇ.

ಗ್ರಹಗಳಾಚೆ ಹೋದರೆ ಈ ಫೈಲ್ ಸಾಲದು. ಕ್ಷುದ್ರಗ್ರಹ, ಧೂಮಕೇತು, ನೌಕೆಗಳಿಗೆ ಜೆಪಿಎಲ್‌ನ ಹೊರೈಜನ್ಸ್ ಸೇವೆ ಇದೆ. ಪೈಥಾನ್‌ನಲ್ಲಿ ಆಸ್ಟ್ರೋಕ್ವೆರಿ ಅನ್ನುವ ಇನ್ನೊಂದು ಲೈಬ್ರರಿ ಮೂಲಕ ಕೇಳಬಹುದು. ನಾನು ಎಲ್ಲರಿಗೂ ಮೊದಲು ಕೇಳಿಸುವುದು 4130ನೇ ಕ್ಷುದ್ರಗ್ರಹವನ್ನು. ಅದರ ಹೆಸರು ರಾಮಾನುಜನ್. 1988ರಲ್ಲಿ ಆರ್. ರಾಜಮೋಹನ್ ಕಂಡುಹಿಡಿದದ್ದು, ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನ ವೀಕ್ಷಣಾಲಯದಿಂದ. ಆ ವೀಕ್ಷಣಾಲಯವನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆ ನಮ್ಮ ಕೋರಮಂಗಲದಲ್ಲೇ ಇದೆ. ಹೊರೈಜನ್ಸ್‌ನಲ್ಲಿ ಸ್ಥಳದ ಜಾಗಕ್ಕೆ 220 ಅಂತ ಬರೆಯಿರಿ, ಅದು ಕಾವಲೂರಿನ ಸಂಕೇತ. ಅದನ್ನು ಕಂಡ ಬೆಟ್ಟದಿಂದಲೇ ಅದು ಇವತ್ತು ರಾತ್ರಿ ಎಲ್ಲಿದೆ ಅಂತ ಬರುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಕಾಲಿಡುವ ಮೊದಲು ಗುರುತು ಹಾಕಿಕೊಳ್ಳಿ. ವೆಸ್ಟಾ ಕ್ಷುದ್ರಗ್ರಹದ ಸಂಖ್ಯೆ 4. ಬರೀ 4 ಕೊಟ್ಟರೆ ಹೊರೈಜನ್ಸ್ ಮಂಗಳನ ಬಳಗದ ಕೇಂದ್ರವನ್ನು ಕೊಡುತ್ತದೆ, ಯಾಕೆಂದರೆ ಗ್ರಹಗಳ ಎಣಿಕೆಯಲ್ಲಿ 4 ಮಂಗಳ. ಸಣ್ಣ ಕಾಯ ಅಂತ ಬಿಡಿಸಿ ಹೇಳಬೇಕು. ಉತ್ತರದ ಜೊತೆ ಬರುವ ಹೆಸರಿನ ಕಾಲಂ ಓದದೆ ಮುಂದೆ ಹೋಗಬೇಡಿ. ಇನ್ನೊಂದು ಮಾತು, ಇದು ಸಾವಿರಾರು ಜನ ಹಂಚಿಕೊಳ್ಳುವ ಸೇವೆ. ಒಂದು ವರ್ಷದ ಪಟ್ಟಿ ಬೇಕಿದ್ದರೆ ಆರಂಭ, ಕೊನೆ, ಹೆಜ್ಜೆ ಕೊಟ್ಟು ಒಂದೇ ಸಲ ಕೇಳಿ, ಬಂದದ್ದನ್ನು ಉಳಿಸಿಕೊಳ್ಳಿ. ಲೂಪಿನೊಳಗೆ ಇಟ್ಟು ಮುನ್ನೂರ ಅರವತ್ತೈದು ಸಲ ಬಾಗಿಲು ತಟ್ಟಬೇಡಿ.

ಕೊನೆಗೆ ಒಬ್ಬರ ಕಥೆ. ಚಿಂತಾಮಣಿ ರಘುನಾಥಾಚಾರ್ಯರು ಮದ್ರಾಸ್ ವೀಕ್ಷಣಾಲಯದಲ್ಲಿ ಕೆಲಸ ಮಾಡಿದವರು. 1867ರಲ್ಲಿ ಆರ್ ರೆಟಿಕ್ಯುಲಿ ಅನ್ನುವ ಚರನಕ್ಷತ್ರವನ್ನು, ಅಂದರೆ ಹೊಳಪು ಬದಲಾಗುತ್ತಿರುವ ನಕ್ಷತ್ರವನ್ನು, ಗುರುತಿಸಿದವರು. ಹಳೆಯ ಕೋಷ್ಟಕಗಳ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲ, ಕಣ್ಣಿಗೆ ಕಾಣುವುದಕ್ಕೆ ಸರಿಹೊಂದುವ ದೃಗ್ಗಣಿತ ಪಂಚಾಂಗ ಬೇಕು ಅಂತ ಪಟ್ಟು ಹಿಡಿದು ತಾವೇ ಅದನ್ನು ತಂದರು. 1874ರ ಡಿಸೆಂಬರ್ 9ಕ್ಕೆ ಶುಕ್ರ ಸೂರ್ಯನ ಬಿಂಬದ ಮೇಲೆ ಹಾದು ಹೋಗುವುದಿತ್ತು. ಜನ ಅದನ್ನು ತಿಳಿದು ನೋಡಲಿ ಅಂತ ಅವರು ಒಂದು ಕಿರುಹೊತ್ತಿಗೆ ಬರೆದರು. ಅದು ಹಲವು ಭಾಷೆಗಳಲ್ಲಿ ಬಂತು, ಕನ್ನಡದಲ್ಲೂ ಬಂತು.

ಆ ಸಂಕ್ರಮವನ್ನು ನಮ್ಮ ಪ್ರೋಗ್ರಾಮಿನಲ್ಲಿ ನೋಡೋಣ ಅಂತ 1874 ಕೊಟ್ಟೆ. ಸ್ಕೈಫೀಲ್ಡ್ ನಿಂತುಬಿಟ್ಟಿತು. ಡಿಇ421 ವ್ಯಾಪಿಸುವುದು 1899ರ ಜುಲೈನಿಂದ 2053ರ ಅಕ್ಟೋಬರ್‌ವರೆಗೆ ಮಾತ್ರ. ಆಚೆ ಹೋದರೆ ಸುಳ್ಳು ಉತ್ತರ ಕೊಡದೆ ನನ್ನ ಗಡಿ ಇಷ್ಟೇ ಅಂತ ದಿನಾಂಕ ಸಮೇತ ಹೇಳುತ್ತದೆ. ಈ ಲೈಬ್ರರಿಯ ಮೇಲೆ ನನಗಿರುವ ಗೌರವಕ್ಕೆ ಅದೂ ಒಂದು ಕಾರಣ. ಫೈಲ್ ಬದಲಿಸಿದರೆ ಆಯಿತು. ಡಿಇ440ಎಸ್ ಅನ್ನುವುದು 32 ಎಂಬಿ, 1849ರಿಂದ 2150ರವರೆಗೆ. ಇನ್ನೂ ಹಿಂದೆ ಮುಂದೆ ಬೇಕಿದ್ದರೆ ಡಿಇ440 ಇದೆ, 1550ರಿಂದ 2650. ಡಿಇ441 ಮೂವತ್ತು ಸಾವಿರ ವರ್ಷದ್ದು, ಮೂರು ಜಿಬಿ ಮೀರುತ್ತದೆ, ಈ ಸಭಾಂಗಣದ ವೈಫೈನಲ್ಲಿ ಇಳಿಸಲು ಹೋಗಬೇಡಿ.

ಡಿಇ440ಎಸ್ ಹಾಕಿ, ಸೂರ್ಯ ಶುಕ್ರರ ನಡುವಿನ ಕೋನವನ್ನು ನಿಮಿಷಕ್ಕೊಂದರಂತೆ ಕೇಳಿ. 'ಸೆಪರೇಷನ್ ಫ್ರಮ್' ಅನ್ನುವ ಒಂದೇ ಫಂಕ್ಷನ್. ಭೂಮಿಯ ಕೇಂದ್ರದಿಂದ ನೋಡಿದರೆ ಕೋನ ಕುಗ್ಗುತ್ತ ಕುಗ್ಗುತ್ತ ಬಂದು ಯುಟಿಸಿ ಲೆಕ್ಕದಲ್ಲಿ 4 ಗಂಟೆ 7 ನಿಮಿಷದ ಸುಮಾರಿಗೆ 830 ಆರ್ಕ್‌ಸೆಕೆಂಡಿಗೆ ಇಳಿದು, ಮತ್ತೆ ಹಿಗ್ಗುತ್ತದೆ. ಸೂರ್ಯಬಿಂಬದ ಅರ್ಧವ್ಯಾಸ ಆಗ 970 ದಾಟಿರುತ್ತದೆ, ಆದ್ದರಿಂದ ಶುಕ್ರ ಅಂಚಿನ ಒಳಗೇ ಇದ್ದಾನೆ. ರಘುನಾಥಾಚಾರ್ಯರ ಕಾಲದವರು ಲಾಗರಿದಮ್ ಪುಸ್ತಕ ಹಿಡಿದು ದಿನಗಟ್ಟಲೆ ಕೂತು ತೆಗೆದದ್ದು ಇಂಥ ಸಂಖ್ಯೆಗಳನ್ನೇ.

ಅದೇ ಪ್ರೋಗ್ರಾಮಿನಲ್ಲಿ ವರ್ಷ ಬದಲಿಸಿ 2117ರ ಡಿಸೆಂಬರ್ 11 ಅಂತ ಕೊಟ್ಟಿದ್ದೇನೆ. 2012ರ ಜೂನ್‌ನಲ್ಲಿ ನಾವು ನೋಡಿದ ಮೇಲೆ ಮುಂದಿನ ಶುಕ್ರ ಸಂಕ್ರಮ ಅದು. ಸ್ಥಳ ಬೆಂಗಳೂರು. ತೆರೆ ನೋಡಿ, ಅವತ್ತು ಸೂರ್ಯ ಮೂಡುವಾಗಲೇ ಅವನ ಮೈಮೇಲೆ ಶುಕ್ರನ ಚುಕ್ಕಿ ಇರುತ್ತದೆ. ಎಂಟು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ನಡು, ಹನ್ನೊಂದರ ಸುಮಾರಿಗೆ ಚುಕ್ಕಿ ಅಂಚಿನಿಂದ ಆಚೆ. ಅಕ್ಷಾಂಶ, ರೇಖಾಂಶದ ಸಾಲನ್ನು ಖಾಲಿ ಬಿಟ್ಟ ಪ್ರತಿ ನಿಮ್ಮೆಲ್ಲರ ಹತ್ತಿರ ಇದೆ. ಮೊದಲು ನಿಮ್ಮ ಊರನ್ನು ತುಂಬಿ. ಆಮೇಲೆ ಇವತ್ತಿನ ಸೂರ್ಯಾಸ್ತ ಕೇಳಿ. ಇನ್ನು ಮುಕ್ಕಾಲು ಗಂಟೆ ಇದೆ, ತಾರಸಿಗೆ ಹೋಗಿ ಗಡಿಯಾರ ಹಿಡಿದು ನೋಡೋಣ.